ಖಾಲಿ ಚೀಲ

ಐವತ್ತಮೂರು ಆಯಿತು ನನಗೆ. ಅದರಲ್ಲಿ ಮೂವತ್ತೊಂಬತ್ತು
ಮೊಣಕಾಲು ಮಡಚಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು
ಕೂತಲ್ಲೇ ಕಳೆದದ್ದು.
ಓಡಿದ್ದು ಕೈ ಮಾತ್ರ:
ಎಲೆ, ಕತ್ತರಿ, ಹುಡಿ, ನೂಲು,
ಎಲೆ, ಕತ್ತರಿ, ಹುಡಿ, ನೂಲು.
ಸೊಂಟದಿಂದ ಕೆಳಗೆ ನಾನೊಂದು ಮಣೆ.

ಕುಲಶೇಖರದ ಡಾಕ್ಟರಮ್ಮ ಚೀಟಿ ನೋಡಿ
“ಇನ್ನೂರ ಎಂಬತ್ತಾರು, ಅದೂ ಖಾಲಿ ಹೊಟ್ಟೆಗೆ” ಎಂದರು.
ಮಾತ್ರೆ ಬರೆದರು. ಪೆನ್ನು ಮುಚ್ಚಿ
ಚೀಟಿಯಲ್ಲಿ ಇಲ್ಲದ ಮದ್ದೊಂದು ಹೇಳಿದರು:
“ವಾರಿಜಕ್ಕ, ನಡೆಯಬೇಕು. ದಿನಾ ಅರ್ಧ ಗಂಟೆ.”
“ಎಲ್ಲಿಗೆ?” ಎಂದೆ.
ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ನಮ್ಮ ಪದವಿನಲ್ಲಿ ಹೆಂಗಸು ನಡೆಯುವುದು
ಹಾಲಿನ ಡಿಪೋಗೆ, ಬ್ರಾಂಚಿಗೆ, ರೇಷನಿಗೆ,
ಯಾರದಾದರೂ ಹೆರಿಗೆಗೆ, ಸಾವಿಗೆ.
ಸುಮ್ಮನೆ ನಡೆಯುವವರು ಕದ್ರಿ ಪಾರ್ಕಿನಲ್ಲಿ ಇದ್ದಾರೆ,
ಬಿಳಿ ಬೂಟು, ಕಿವಿಯಲ್ಲಿ ವಯರು,
ಕಾರಿನಲ್ಲಿ ಬಂದು, ನಡೆದು, ಕಾರಿನಲ್ಲಿ ಹೋಗುವವರು.

ಹಾಗಾಗಿ ಚೀಲ ಹಿಡಿದೆ,
ಬೀಡಿ ಕೊಂಡುಹೋಗುವ ಅದೇ ಬಟ್ಟೆಚೀಲ.
ಒಳಗೆ ಹೊಗೆಸೊಪ್ಪಿನ ವಾಸನೆ ಬಿಟ್ಟರೆ ಏನೂ ಇಲ್ಲ.
“ಎಲ್ಲಿಗೆ ಹೊರಟದ್ದು ವಾರಿಜಕ್ಕ?”
“ಇಲ್ಲೇ, ಉಪ್ಪು ಮುಗಿದಿದೆ.”
ಮರುದಿನ ಮೆಣಸು. ಅದರ ಮರುದಿನ ತೆಂಗಿನೆಣ್ಣೆ.
ವಾರ ತುಂಬುವಾಗ ನನ್ನ ಅಡುಗೆಮನೆ
ಊರವರ ಲೆಕ್ಕದಲ್ಲಿ ಪೂರಾ ಬರಿದಾಗಿತ್ತು.

ವಾಚು ಕಟ್ಟಿದವಳಲ್ಲ.
ಇಪ್ಪತ್ತೈದು ಹೆಜ್ಜೆಗೆ ಒಂದು ಕಟ್ಟು.
ಬಾವಿಯಿಂದ ಮೋರಿಯವರೆಗೆ ಹನ್ನೊಂದು,
ಮೋರಿಯಿಂದ ಶಿಲುಬೆ ತನಕ ಹದಿನೇಳು,
ಆಮೇಲೆ ಗುಡ್ಡೆಯ ಏರು, ಉಳಿದ ಹನ್ನೆರಡು.
ಅಲ್ಲಿ ಉಸಿರು ಲೆಕ್ಕ ತಪ್ಪಿಸುತ್ತದೆ,
ಮತ್ತೆ ಒಂದರಿಂದ.
ಸಾವಿರ ಸುತ್ತುವುದು ಈ ಮೈಗೆ ಗೊತ್ತು,
ಸಾವಿರ ನಡೆಯುವುದು ಹೊಸತು.

ಅತ್ತೆಯೂ ಹೀಗೇ ಕೂತವರು,
ಬೆಲ್ಲ ಕಚ್ಚಿ ಚಾ ಕುಡಿದವರು.
ಹೆಬ್ಬೆರಳು ವೆನ್ಲಾಕಿನಲ್ಲಿ ಬಿಟ್ಟು ಬಂದರು, ಮರುವರ್ಷ ಪಾದ.
“ಹೋಗಲಿ ಬಿಡು, ಬೀಡಿ ಕಟ್ಟಲು ಕಾಲು ಯಾಕೆ?”
ಎಂದು ನಕ್ಕಿದ್ದರು.

ರಾತ್ರಿ ಮಗಳ ಪೌಡರ್ ಡಬ್ಬಿಯ ಕನ್ನಡಿ ನೆಲಕ್ಕಿಟ್ಟು
ಅಂಗಾಲು ನೋಡುತ್ತೇನೆ,
ಮುಖವನ್ನು ಎಂದೂ ಅಷ್ಟು ಹೊತ್ತು ನೋಡಿದ್ದಿಲ್ಲ.
ಒಮ್ಮೆ ಚಪ್ಪಲಿಯೊಳಗೆ ಮುರಕಲ್ಲಿನ ಚೂರು ಸಿಕ್ಕಿತು.
ಶಿಲುಬೆಯಿಂದ ಮನೆವರೆಗೆ
ನನಗೆ ಹೇಳದೆ ಜೊತೆಗೇ ನಡೆದು ಬಂದಿತ್ತು.

ಬ್ರಾಂಚಿನಲ್ಲಿ ಲೋಕಯ್ಯಣ್ಣ ಎಣಿಸಿ ಕನ್ನಡಕ ಎತ್ತಿದರು.
“ಎಂಥದು, ದಿನಕ್ಕೆ ಐದು ಕಟ್ಟು ಕಡಿಮೆ?”
ನಡೆದೆ ಎನ್ನಲು ಬಾಯಿ ಬರಲಿಲ್ಲ.
ದೊಡ್ಡವರು ದುಡ್ಡು ಕೊಟ್ಟು ನಡೆಯುವ ಮೆಷಿನು ಇಡುತ್ತಾರಂತೆ.
ನಾನೂ ಕೊಟ್ಟೆ. ಐದು ಕಟ್ಟು.

ಮೂರು ತಿಂಗಳಿಗೊಂದು ಬೇರೆ ಪರೀಕ್ಷೆ ಉಂಟು.
ಹಿಂದಿನ ದಿನ ಉಪವಾಸ ಕೂತರೆ ನಂಬುವಂಥದಲ್ಲ,
ಅಷ್ಟೂ ದಿನದ ಲೆಕ್ಕ ಕೇಳುತ್ತದೆ ರಕ್ತದ ಹತ್ತಿರ,
ಲೋಕಯ್ಯಣ್ಣನೇ ಒಳಗೆ ಹೊಕ್ಕ ಹಾಗೆ.
ಹನ್ನೊಂದು ಇದ್ದದ್ದು ಎಂಟೂವರೆ.
ತೂಕ ಮೂರು ಕಿಲೊ ಕಡಿಮೆ;
ಅದು ರವಕೆಯ ತೋಳಿಗೆ ಮೊದಲೇ ಗೊತ್ತಿತ್ತು.
“ಏಳಕ್ಕೆ ಬರಲಿ,” ಎಂದರು ಡಾಕ್ಟರಮ್ಮ,
“ಮಾತ್ರೆ ಬಿಡಬೇಡಿ. ನಡೆಯುವುದನ್ನೂ.”

ಇವತ್ತು ಮೋರಿ ದಾಟಿದ ಮೇಲೆ
ಎರಡು ಕಟ್ಟು ಮುಂದೆ ಬೀಪಾತುಮ್ಮ,
ನನಗಿಂತ ದಪ್ಪ, ನನಗಿಂತ ನಿಧಾನ,
ಕೈಯಲ್ಲಿ ಚೀಲ.
“ಎಲ್ಲಿಗೆ ಹೊರಟದ್ದು?” ಕೇಳಿಬಿಟ್ಟೆ, ನಾನೇ.
“ಇಲ್ಲೇ, ನೀರುಳ್ಳಿ ಮುಗಿಯಿತು.”
ಗಾಳಿ ಬೀಸಿತು. ಅವಳ ಚೀಲ
ನನ್ನದರ ಹಾಗೇ ಹಗುರಾಗಿ ಮೇಲೆದ್ದಿತು.
ಅಂಗಡಿ ನಮ್ಮ ಬೆನ್ನ ಹಿಂದೆ, ಬಹಳ ಹಿಂದೆ.
“ನೀನು?” ಎಂದಳು.
“ಉಪ್ಪು” ಎಂದೆ.
ಏರು ಶುರುವಾಯಿತು.